ಯಂತ್ರದೊಳಗಿನ ಹುಳು ಮತ್ತು ಅಡ್ಮಿರಲ್ ಮೇಡಂ: ಫಾರ್ವರ್ಡ್‌ನಲ್ಲಿ ಬಿಟ್ಟುಹೋದ ಗ್ರೇಸ್ ಹಾಪರ್ ಕಥೆ

ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ. ಅದರ ಮೇಲೆ ಟೇಪ್ ಹಾಕಿ ಅಂಟಿಸಿದ ಸತ್ತ ಪತಂಗ. ಈ ಫೋಟೊ ನಿಮ್ಮ ಯಾವುದಾದರೂ ಗ್ರೂಪಿಗೆ ಬಂದೇ ಬಂದಿರುತ್ತದೆ. ಅದರ ಜೊತೆ ಓಡಾಡುವ ಕಥೆ ಹೀಗಿದೆ: 1945ರಲ್ಲಿ ಗ್ರೇಸ್ ಹಾಪರ್ ಎಂಬ ಅಮೆರಿಕದ ಮಹಿಳೆ ಕಂಪ್ಯೂಟರ್ ಒಳಗೆ ಸಿಕ್ಕಿಕೊಂಡಿದ್ದ ಹುಳುವನ್ನು ಹೊರಗೆ ತೆಗೆದರು, ಅಂದಿನಿಂದ ಪ್ರೋಗ್ರಾಂನ ದೋಷಕ್ಕೆ ‘ಬಗ್’ ಎಂಬ ಹೆಸರು ಬಂತು, ಮುಂದೆ ಅವರೊಬ್ಬರೇ ಕೋಬಾಲ್ ಭಾಷೆ ಬರೆದರು, ಕೊನೆಗೆ ನೌಕಾಪಡೆಯ ಅಡ್ಮಿರಲ್ ಆದರು.

ಫೋಟೊ ನಿಜ. ಹಾಳೆ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಹಾಪರ್ ಅಡ್ಮಿರಲ್ ದರ್ಜೆಗೆ ಏರಿದ್ದೂ ನಿಜ. ಉಳಿದದ್ದನ್ನು ಒಂದೊಂದಾಗಿ ನೋಡೋಣ.

ಮೊದಲು ಹುಳುವಿನ ವಿಚಾರ. ಪತಂಗ ಸಿಕ್ಕಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಯಂತ್ರದ ರಿಲೇ ಒಂದರಲ್ಲಿ, 1947ರ ಸೆಪ್ಟೆಂಬರ್ 9ರಂದು. 1945 ಎಂದು ಬರೆದ ಫಾರ್ವರ್ಡ್ ತಪ್ಪು, ಏಕೆಂದರೆ ಆ ವರ್ಷ ಮಾರ್ಕ್ 2 ತಯಾರಾಗಿಯೇ ಇರಲಿಲ್ಲ. ಹುಳುವನ್ನು ಕಂಡುಹಿಡಿದವರು ಯಂತ್ರ ನಡೆಸುತ್ತಿದ್ದ ಸಿಬ್ಬಂದಿ, ಹಾಪರ್ ಅಲ್ಲ. ಇದನ್ನು ಹಾಪರ್ ತಾವೇ ಒಪ್ಪಿಕೊಳ್ಳುತ್ತಿದ್ದರು. ಆದರೆ ಆ ಕಥೆಯನ್ನು ಭಾಷಣಗಳಲ್ಲಿ ರಸವತ್ತಾಗಿ ಹೇಳುತ್ತಿದ್ದವರು ಅವರೇ ಆದ್ದರಿಂದ ಹೆಸರು ಅವರಿಗೆ ಅಂಟಿಕೊಂಡಿತು. ‘ಬಗ್’ ಪದವಂತೂ ಅದಕ್ಕಿಂತ ಎಷ್ಟೋ ಹಳೆಯದು. ಯಂತ್ರದ ಸಣ್ಣಪುಟ್ಟ ದೋಷಗಳನ್ನು ಥಾಮಸ್ ಎಡಿಸನ್ 1878ರ ಪತ್ರವೊಂದರಲ್ಲೇ ಹಾಗೆ ಕರೆದಿದ್ದಾರೆ. ಆ ನೋಟ್‌ಬುಕ್ಕಿನ ಟಿಪ್ಪಣಿಯನ್ನೇ ಸರಿಯಾಗಿ ಓದಿ: ನಿಜವಾದ ‘ಬಗ್’ ಸಿಕ್ಕ ಮೊದಲ ಪ್ರಕರಣ ಎಂಬರ್ಥದ ಸಾಲು ಅಲ್ಲಿದೆ. ದೋಷಕ್ಕೆ ಹುಳು ಎನ್ನುವ ರೂಢಿ ಮೊದಲೇ ಇದ್ದರೆ ಮಾತ್ರ ಆ ತಮಾಷೆಗೆ ಅರ್ಥ ಬರುತ್ತದೆ, ಅಲ್ಲವೇ?

ಇಷ್ಟು ಹೇಳಿ ‘ಫಾರ್ವರ್ಡ್ ಸುಳ್ಳು’ ಎಂದು ಮುದ್ರೆ ಒತ್ತಿ ಮುಗಿಸಬಹುದಿತ್ತು. ಆದರೆ ಈ ಫಾರ್ವರ್ಡ್ ಮಾಡುವ ದೊಡ್ಡ ಹಾನಿ ಇಸವಿಯದ್ದಲ್ಲ. ಸೇನೆಯಲ್ಲಿ, ದೊಡ್ಡ ಕಂಪ್ಯೂಟರುಗಳ ಲೋಕದಲ್ಲಿ ಮೇಲೆ ಬರಬೇಕಾದರೆ ಒಂದು ಮಿಂಚಿನಂಥ ಆವಿಷ್ಕಾರ ಬೇಕು, ಹುಟ್ಟಾ ಮೇಧಾವಿಯಾಗಿರಬೇಕು, ಎಲ್ಲವನ್ನೂ ಒಬ್ಬರೇ ಮಾಡಬೇಕು ಎಂಬ ಭಾವನೆಯನ್ನು ಅದು ಬಿತ್ತುತ್ತದೆ. ಮಗಳು ಗಣಿತ ತೆಗೆದುಕೊಂಡರೆ ಟೀಚರ್ ಆಗುವುದು ಬಿಟ್ಟು ಇನ್ನೇನು ಆಗಲು ಸಾಧ್ಯ ಎಂದು ಕೇಳುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ಹಾಪರ್ ಶುರುಮಾಡಿದ್ದು ಗಣಿತದ ಟೀಚರ್ ಆಗಿಯೇ.

37ನೇ ವಯಸ್ಸಿನಲ್ಲಿ ಸೇನೆಗೆ

ಹಾಪರ್ ಹುಟ್ಟಿದ್ದು 1906ರಲ್ಲಿ, ನ್ಯೂಯಾರ್ಕಿನಲ್ಲಿ. ಯೇಲ್ ವಿಶ್ವವಿದ್ಯಾಲಯದಿಂದ 1934ರಲ್ಲಿ ಗಣಿತದಲ್ಲಿ ಪಿಎಚ್.ಡಿ. ಪಡೆದು ವ್ಯಾಸರ್ ಎಂಬ ಮಹಿಳಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆ ಸೇರಲು ಹೊರಟಾಗ ಅಡ್ಡಿಗಳು ಒಂದೆರಡಲ್ಲ. ವಯಸ್ಸು ಹೆಚ್ಚಾಗಿತ್ತು. ತೂಕ ಸುಮಾರು 48 ಕೆ.ಜಿ., ನಿಯಮದ ಪ್ರಕಾರ ಬೇಕಿದ್ದದ್ದು ಸುಮಾರು 54. ಗಣಿತದ ಪ್ರಾಧ್ಯಾಪಕರು ಇದ್ದಲ್ಲೇ ಇದ್ದು ದೇಶಸೇವೆ ಮಾಡಲಿ ಎಂಬುದು ಸರ್ಕಾರದ ನಿಲುವು. ತೂಕಕ್ಕೆ ವಿನಾಯಿತಿ, ಕಾಲೇಜಿನಿಂದ ರಜೆ ಎಲ್ಲವನ್ನೂ ಪಡೆದು 1943ರ ಡಿಸೆಂಬರಿನಲ್ಲಿ ಮೀಸಲು ನೌಕಾಪಡೆ ಸೇರಿದರು. ತರಬೇತಿಯಲ್ಲಿ ತಮ್ಮ ತಂಡಕ್ಕೇ ಮೊದಲಿಗರಾಗಿ ತೇರ್ಗಡೆಯಾದರು.

1944ರಲ್ಲಿ ಅವರನ್ನು ಕಳಿಸಿದ್ದು ಹಡಗಿಗಲ್ಲ, ಹಾರ್ವರ್ಡ್‌ನ ಒಂದು ನೆಲಮಾಳಿಗೆಗೆ. ಅಲ್ಲಿ ಮಾರ್ಕ್ 1 ಇತ್ತು. ಸುಮಾರು 15 ಮೀಟರ್ ಉದ್ದ, 5 ಟನ್ ತೂಕ, ಸೆಕೆಂಡಿಗೆ ಮೂರು ಕೂಡುವ ಲೆಕ್ಕ. ಒಂದು ಗುಣಾಕಾರಕ್ಕೆ 6 ಸೆಕೆಂಡು, ಭಾಗಾಕಾರಕ್ಕೆ 15 ಸೆಕೆಂಡಿಗೂ ಹೆಚ್ಚು! ನಿಮ್ಮ ಕೈಯಲ್ಲಿರುವ ಫೋನಿನ ಮುಂದೆ ಇದು ಮಕ್ಕಳಾಟಿಕೆ. ಆದರೆ ಅಂದು ಅದೇ ಸೂಪರ್‌ಕಂಪ್ಯೂಟರ್. ಹಡಗು, ಫಿರಂಗಿಗಳಿಗೆ ಬೇಕಾದ ಲೆಕ್ಕಗಳನ್ನು ಹಗಲುರಾತ್ರಿ ಮಾಡುತ್ತಿತ್ತು. ಅಣುಬಾಂಬ್ ಯೋಜನೆಯ ಲೆಕ್ಕವೊಂದನ್ನು ಗಣಿತಜ್ಞ ಜಾನ್ ವಾನ್ ನಾಯ್ಮನ್ 1944ರಲ್ಲಿ ಇದೇ ಯಂತ್ರದಲ್ಲಿ ಮಾಡಿಸಿಕೊಂಡರು. ಆ ಅಂಕಿಗಳು ಯಾವುದಕ್ಕೆ ಎಂಬುದು ಪ್ರಯೋಗಾಲಯದವರಿಗೆ ಆಗ ಗೊತ್ತಿರಲಿಲ್ಲ. ಸೇನಾ ವಿಜ್ಞಾನದ ಕೆಲಸದಲ್ಲಿ ಹೀಗೂ ಇರುತ್ತದೆ, ಮೆಚ್ಚುಗೆಯ ಫಾರ್ವರ್ಡ್‌ಗಳು ಇದನ್ನು ಹೇಳುವುದಿಲ್ಲ.

ಯಂತ್ರದ ಜನಕ, ಕಮಾಂಡರ್ ಹೋವರ್ಡ್ ಐಕೆನ್, ಹಾಪರ್‌ಗೆ ಇನ್ನೊಂದು ಕೆಲಸ ಹಚ್ಚಿದರು. ಯಂತ್ರವನ್ನು ನಡೆಸುವುದು ಹೇಗೆಂದು ಪುಸ್ತಕ ಬರೆಯಬೇಕು. 500ಕ್ಕೂ ಹೆಚ್ಚು ಪುಟಗಳ ಕೈಪಿಡಿ 1946ರಲ್ಲಿ ಹೊರಬಂತು. ನಮ್ಮ ಪ್ರಕಾರ ಹಾಪರ್ ಅವರ ಮುಂದಾಳುತನ ಶುರುವಾಗಿದ್ದು ಇಲ್ಲಿಂದ, ಪತಂಗದಿಂದಲ್ಲ. ನಾಲ್ಕು ಜನರ ತಲೆಯಲ್ಲಷ್ಟೇ ಇದ್ದ ವಿದ್ಯೆಯನ್ನು ಐದನೆಯವರಿಗೂ ಅರ್ಥವಾಗುವಂತೆ ಬರೆದಿಡುವುದು ಟೀಚರ್ ಆಗಿದ್ದವರಿಗೆ ಒಲಿದುಬರುವ ಕೆಲಸ.

ಯುದ್ಧ ಮುಗಿಯಿತು. ಖಾಯಂ ನೌಕಾಪಡೆಗೆ ಸೇರಿಸಿಕೊಳ್ಳಿ ಎಂದು ಕೇಳಿದರು. ವಯಸ್ಸು ಮೀರಿದೆ ಎಂಬ ಉತ್ತರ ಬಂತು. ಮೀಸಲು ಪಡೆಯಲ್ಲೇ ಉಳಿದು, 1949ರಲ್ಲಿ ಯುನಿವ್ಯಾಕ್ ಕಂಪ್ಯೂಟರ್ ಕಟ್ಟುತ್ತಿದ್ದ ಖಾಸಗಿ ಕಂಪನಿಗೆ ಸೇರಿದರು.

ಕಂಪ್ಯೂಟರ್‌ಗೆ ಫ್ರೆಂಚ್ ಬರುತ್ತದೆಯೇ?

ಆ ಕಾಲದಲ್ಲಿ ಪ್ರತಿ ಪ್ರೋಗ್ರಾಂ ಅನ್ನೂ ಯಂತ್ರದ ಸಂಕೇತಗಳಲ್ಲೇ ಬರೆಯಬೇಕಿತ್ತು. ಒಂದೇ ತುಣುಕನ್ನು ನೂರು ಸಲ ನಕಲು ಮಾಡುವಾಗ ಒಂದಂಕಿ ಆಚೀಚೆಯಾದರೂ ಎಲ್ಲ ಕೆಡುತ್ತಿತ್ತು. ಈ ನಕಲು ಕೆಲಸವನ್ನು ಯಂತ್ರಕ್ಕೇ ವಹಿಸಿದರೆ ಹೇಗೆ ಎಂದು ಯೋಚಿಸಿದ ಹಾಪರ್ 1952ರ ಹೊತ್ತಿಗೆ ಎ-0 ಎಂಬ ಪ್ರೋಗ್ರಾಂ ಸಿದ್ಧಪಡಿಸಿದರು. ಕಂಪೈಲರ್ ಎಂಬ ಪದ ಕಂಪ್ಯೂಟರ್ ಲೋಕದಲ್ಲಿ ಬೇರೂರಿದ್ದು ಅದರಿಂದ. ಇಂದಿನ ಅರ್ಥದ ಪೂರ್ಣ ಕಂಪೈಲರ್ ಅದಾಗಿರಲಿಲ್ಲ. ಮೊದಲೇ ಬರೆದಿಟ್ಟ ತುಣುಕುಗಳನ್ನು ಹುಡುಕಿ ಜೋಡಿಸಿಕೊಡುತ್ತಿತ್ತು, ಅಷ್ಟೆ. ಆದರೂ ಕಂಪ್ಯೂಟರ್ ಇರುವುದು ಲೆಕ್ಕಕ್ಕೆ, ಪ್ರೋಗ್ರಾಂ ಬರೆಯುವುದಕ್ಕಲ್ಲ ಎಂದು ನಂಬಿದ್ದವರೇ ಸುತ್ತಲೂ ಇದ್ದರು.

ಮುಂದೆ ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡಬಹುದು ಎಂದು ತೋರಿಸಲು ಹೊರಟಾಗ ನಡೆದದ್ದನ್ನು ಹಾಪರ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಯಂತ್ರಕ್ಕೆ ಎಲ್ಲವೂ ಬರಿಯ ಚಿಹ್ನೆಗಳೇ ಎಂದು ಮನದಟ್ಟು ಮಾಡಲು ಅದೇ ಪ್ರೋಗ್ರಾಂ ಅನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಓಡಿಸಿ ತೋರಿಸಿದರು. ಆಡಳಿತದವರು ಬೆಚ್ಚಿಬಿದ್ದರು. ಅಮೆರಿಕದಲ್ಲಿ ತಯಾರಾದ ಕಂಪ್ಯೂಟರ್‌ಗೆ ಫ್ರೆಂಚ್ ತಿಳಿಯುವುದೆಂದರೇನು, ಆಗುವ ಮಾತೇ ಅಲ್ಲ ಎಂದುಬಿಟ್ಟರು! ಕಂಪ್ಯೂಟರ್‌ನಲ್ಲಿ ಕನ್ನಡ ಕಷ್ಟ ಎಂಬ ಮಾತು ಕೇಳಿ ಬೆಳೆದ ನಮಗೆ ಈ ಪ್ರಸಂಗ ಓದಿದಾಗ ನಗು ಬರದೆ ಇರುವುದಿಲ್ಲ. ಇಂಗ್ಲಿಷ್ ಪದಗಳ ಆ ಭಾಷೆ ಫ್ಲೋ-ಮ್ಯಾಟಿಕ್ ಎಂಬ ಹೆಸರಿನಲ್ಲಿ ಬಳಕೆಗೆ ಬಂತು.

ಇನ್ನು ಕೋಬಾಲ್. ಎಲ್ಲ ಕಂಪನಿಗಳ ಕಂಪ್ಯೂಟರ್‌ಗೂ ಹೊಂದುವ ಒಂದೇ ವ್ಯವಹಾರ ಭಾಷೆ ಬೇಕೆಂಬ ಕೂಗು ಎಬ್ಬಿಸಿದವರಲ್ಲಿ ಮೇರಿ ಹಾಸ್ ಮುಖ್ಯರು. 1959ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನಲ್ಲಿ ಸಭೆ ಸೇರಿತು. ಭಾಷೆಯನ್ನು ರೂಪಿಸಿದ್ದು ಸಮಿತಿ. ಜೀನ್ ಸ್ಯಾಮೆಟ್ ಸೇರಿದಂತೆ ಹಲವರ ಕೈ ಅದರಲ್ಲಿದೆ. ಹಾಪರ್ ತಾಂತ್ರಿಕ ಸಲಹೆಗಾರರಾಗಿದ್ದರು, ಅವರ ಫ್ಲೋ-ಮ್ಯಾಟಿಕ್ ಭಾಷೆಯೇ ಹೊಸ ಭಾಷೆಗೆ ದೊಡ್ಡ ಆಧಾರವಾಯಿತು. ಆದ್ದರಿಂದ ‘ಕೋಬಾಲ್‌ನ ಅಜ್ಜಿ’ ಎಂದರೆ ಒಪ್ಪೋಣ. ‘ಒಬ್ಬರೇ ಬರೆದರು’ ಎಂದರೆ ಉಳಿದವರಿಗೆ ಅನ್ಯಾಯ. ಕೋಬಾಲ್ ಗೆದ್ದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕೋಬಾಲ್ ಓಡಿಸಲಾರದ ಯಂತ್ರವನ್ನು ಸಾಮಾನ್ಯವಾಗಿ ಕೊಳ್ಳುವುದಿಲ್ಲ ಎಂದು ರಕ್ಷಣಾ ಇಲಾಖೆ ಪಟ್ಟು ಹಿಡಿಯಿತು. ಅಷ್ಟು ದೊಡ್ಡ ಗಿರಾಕಿಯನ್ನು ಯಾವ ಕಂಪನಿ ಕಳೆದುಕೊಂಡೀತು?

ನಿವೃತ್ತಿ, ಮತ್ತೆ ಕರೆ

1966ರ ಕೊನೆಯಲ್ಲಿ, 60 ವರ್ಷ ತುಂಬಿದಾಗ, ಹಾಪರ್ ಕಮಾಂಡರ್ ದರ್ಜೆಯಲ್ಲಿ ನಿವೃತ್ತರಾದರು. ಏಳೆಂಟು ತಿಂಗಳಲ್ಲೇ ನೌಕಾಪಡೆಯಿಂದ ಕರೆ ಬಂತು, ಆರು ತಿಂಗಳ ಮಟ್ಟಿಗೆ ಬನ್ನಿ ಎಂದು. ಆ ಆರು ತಿಂಗಳು ಸುಮಾರು ಎರಡು ದಶಕವಾಯಿತು, ನಡುವೆ 1971ರಲ್ಲಿ ಇನ್ನೊಮ್ಮೆ ನಿವೃತ್ತಿಯಾಗಿ ಮರುವರ್ಷ ವಾಪಸಾದದ್ದನ್ನು ಬಿಟ್ಟರೆ.

ಕೆಲಸವೇನು? ಕೇಳಲು ತೀರಾ ನೀರಸ. ಮಂಗಳೂರು, ಧಾರವಾಡ, ಮೈಸೂರುಗಳ ಕನ್ನಡದಲ್ಲಿ ವ್ಯತ್ಯಾಸ ಇರುವಂತೆ ಒಂದೊಂದು ಕಂಪನಿಯ ಕೋಬಾಲ್ ಒಂದೊಂದು ಥರ ಇತ್ತು. ಮನುಷ್ಯರು ಹೊಂದಿಕೊಳ್ಳುತ್ತಾರೆ, ಯಂತ್ರ ಹೊಂದಿಕೊಳ್ಳುವುದಿಲ್ಲ. ನೌಕಾಪಡೆಯ ಎಲ್ಲ ಕಂಪ್ಯೂಟರ್‌ಗಳ ಕೋಬಾಲ್ ಒಂದೇ ಆಗಿದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಂಗಳನ್ನು ಹಾಪರ್ ಅವರ ತಂಡ ಬರೆಯಿತು. ಇಂಥ ಕೆಲಸದ ಮೇಲೆ ಯಾರೂ ಸಿನಿಮಾ ಮಾಡುವುದಿಲ್ಲ. 1973ರಲ್ಲಿ ಕ್ಯಾಪ್ಟನ್, 1983ರಲ್ಲಿ ಕಮೋಡೋರ್ ದರ್ಜೆಗೆ ಬಡ್ತಿ ಬಂತು. 1985ರಲ್ಲಿ ಆ ದರ್ಜೆಯ ಹೆಸರೇ ರಿಯರ್ ಅಡ್ಮಿರಲ್ ಎಂದು ಬದಲಾಯಿತು. 1986ರಲ್ಲಿ ಕೊನೆಗೂ ನಿವೃತ್ತರಾದಾಗ ವಯಸ್ಸು 79. ಸೇವೆಯಲ್ಲಿದ್ದ ನೌಕಾಧಿಕಾರಿಗಳಲ್ಲಿ ಅವರೇ ಎಲ್ಲರಿಗಿಂತ ಹಿರಿಯರು.

ಭಾಷಣಗಳಿಗೆ ಹೋಗುವಾಗ ತುಂಡು ತಂತಿಗಳ ಕಟ್ಟನ್ನು ಒಯ್ಯುತ್ತಿದ್ದರು. ಒಂದೊಂದೂ ಸುಮಾರು 30 ಸೆಂ.ಮೀ., ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ ಬೆಳಕು ಸಾಗುವ ಅತಿ ಹೆಚ್ಚಿನ ದೂರ. ಇದೇ ನ್ಯಾನೊಸೆಕೆಂಡ್, ತೆಗೆದುಕೊಳ್ಳಿ ಎಂದು ಕೇಳುಗರಿಗೆ ಹಂಚುತ್ತಿದ್ದರು. ಉಪಗ್ರಹದ ಮೂಲಕ ಸಂದೇಶ ಬರಲು ಇಷ್ಟು ಹೊತ್ತೇಕೆ ಎಂದು ಕೇಳುವ ಹಿರಿಯ ಅಧಿಕಾರಿಗಳಿಗೆ, ಇಲ್ಲಿಂದ ಉಪಗ್ರಹದವರೆಗೆ ಇಂಥ ಎಷ್ಟು ತುಂಡುಗಳಿವೆ ಯೋಚಿಸಿ ಎಂದು ವಿವರಿಸುತ್ತಿದ್ದರು. ದೊಡ್ಡ ಕಂಪ್ಯೂಟರ್‌ನ ಭಾಗಗಳನ್ನು ಒತ್ತೊತ್ತಾಗಿ ಜೋಡಿಸುವ ಕಾರಣವೂ ಇದೇ. ತಂತಿ ಉದ್ದವಾದಷ್ಟೂ ಕಾಯುವ ಹೊತ್ತು ಹೆಚ್ಚು.

ಎತ್ತು, ಕೋಳಿ ಮತ್ತು ಬೆಂಗಳೂರು

ಅವರು ಹೇಳುತ್ತಿದ್ದರೆನ್ನಲಾದ ಇನ್ನೊಂದು ಹೋಲಿಕೆ ನಮ್ಮ ಹಳ್ಳಿಗಳಿಗೂ ಒಪ್ಪುತ್ತದೆ. ಒಂದು ಎತ್ತು ದಿಮ್ಮಿ ಎಳೆಯದಿದ್ದರೆ ಹಿಂದಿನವರು ಇನ್ನೊಂದು ಎತ್ತು ಕಟ್ಟುತ್ತಿದ್ದರು, ಎತ್ತನ್ನೇ ದೊಡ್ಡದಾಗಿ ಬೆಳೆಸಲು ಹೋಗುತ್ತಿರಲಿಲ್ಲ. ಹಾಗೆಯೇ, ಒಂದು ದೈತ್ಯ ಕಂಪ್ಯೂಟರ್ ಬದಲು ಹಲವು ಸಣ್ಣವನ್ನು ಜೋಡಿಸಿ ಎಂಬುದು ಹಾಪರ್ ವಾದ. ಸೂಪರ್‌ಕಂಪ್ಯೂಟರ್‌ಗಳ ದಿಗ್ಗಜ ಸೆಮೂರ್ ಕ್ರೇ ಇದಕ್ಕೆ ಉಲ್ಟಾ ಕೇಳಿದ್ದರೆಂದು ಹೇಳುವುದುಂಟು: ಹೊಲ ಉಳಲು ಎರಡು ಬಲವಾದ ಎತ್ತು ಬೇಕೋ, 1,024 ಕೋಳಿ ಬೇಕೋ? ಕೊನೆಗೆ ಗೆದ್ದದ್ದು ಕೋಳಿಗಳೇ ಎನ್ನಬೇಕು. ಇಂದಿನ ಎಲ್ಲ ಸೂಪರ್‌ಕಂಪ್ಯೂಟರ್‌ಗಳೂ ಸಾವಿರಗಟ್ಟಲೆ ಚಿಪ್‌ಗಳನ್ನು ಜೋಡಿಸಿ ಕಟ್ಟಿದವು. ಎನ್‌ವಿಡಿಯಾ ಕಂಪನಿ 2022ರಲ್ಲಿ ಪ್ರಕಟಿಸಿದ ಎಐ ಚಿಪ್‌ಗಳ ಸರಣಿಗೆ ಇಟ್ಟ ಹೆಸರು ‘ಹಾಪರ್’.

ಭಾರತ ಹಿಡಿದದ್ದೂ ಹಲವು ಎತ್ತುಗಳ ದಾರಿಯನ್ನೇ. ಇಲ್ಲಿ ಇನ್ನೊಂದು ಫಾರ್ವರ್ಡ್ ಎದುರಾಗುತ್ತದೆ. ಅಮೆರಿಕ ಸೂಪರ್‌ಕಂಪ್ಯೂಟರ್ ಕೊಡಲಿಲ್ಲ, ಸಿಟ್ಟಿಗೆದ್ದ ಒಬ್ಬ ವಿಜ್ಞಾನಿ ತಾನೇ ಕಟ್ಟಿದ ಎಂಬುದು ಅದರ ಸಾರ. ಇದು ಅರ್ಧ ಸತ್ಯ. 1980ರ ದಶಕದಲ್ಲಿ ಭಾರತ ಕೇಳಿದ ಶಕ್ತಿಶಾಲಿ ಕ್ರೇ ಯಂತ್ರವನ್ನು ಸೇನಾ ಬಳಕೆಯ ಅನುಮಾನದಿಂದ ಅಮೆರಿಕ ಕೊಡಲಿಲ್ಲ. ಹವಾಮಾನ ಮುನ್ಸೂಚನೆಗೆಂದು ಕಡಿಮೆ ಶಕ್ತಿಯ ಇನ್ನೊಂದು ಕ್ರೇ ಯಂತ್ರವನ್ನು ಕೊಟ್ಟಿತು, ಅದು ದೆಹಲಿಗೆ ಬಂತು. 1988ರಲ್ಲಿ ಶುರುವಾದ ಸಿ-ಡ್ಯಾಕ್ ಸಂಸ್ಥೆ ವಿಜಯ್ ಭಟ್ಕರ್ ಅವರ ಮುಂದಾಳುತನದಲ್ಲಿ 1991ರಲ್ಲಿ ಪರಮ್ 8000 ಹೊರತಂದದ್ದು ನಿಜ. ಆದರೆ ಅದರ ಹಿಂದೆ ದೊಡ್ಡ ತಂಡವೇ ಇತ್ತು. ಅಷ್ಟೇ ಅಲ್ಲ, ಬೆಂಗಳೂರಿನ ಎನ್‌ಎಎಲ್‌ನಲ್ಲಿ ವಿಮಾನದ ಸುತ್ತಲಿನ ಗಾಳಿಯ ಹರಿವನ್ನು ಲೆಕ್ಕ ಹಾಕಲು ಯು.ಎನ್. ಸಿನ್ಹಾ ಅವರ ತಂಡ 1986ರಲ್ಲೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತ್ತು. ಅದರ ಬಗ್ಗೆ ಒಂದೂ ಫಾರ್ವರ್ಡ್ ನಮ್ಮ ಕಣ್ಣಿಗೆ ಬಿದ್ದಿಲ್ಲ.

ನಮ್ಮಲ್ಲಿ ಈ ದಾರಿ ಹಿಡಿಯಬೇಕೆನ್ನುವವರು ತಿಳಿಯಬೇಕಾದ ಒಂದು ವ್ಯತ್ಯಾಸವಿದೆ. ಹಾಪರ್ ಸಮವಸ್ತ್ರ ತೊಟ್ಟವರು. ಭಾರತದ ಡಿಆರ್‌ಡಿಒ ವಿಜ್ಞಾನಿಗಳು ಬಹುಪಾಲು ನಾಗರಿಕ ನೌಕರರು. ಅಬ್ದುಲ್ ಕಲಾಂ ಸೈನ್ಯದಲ್ಲಿದ್ದರು ಎಂದು ನಂಬಿದವರು ಬಹಳ. ಅವರು ಮದ್ರಾಸಿನಲ್ಲಿ ಓದಿದ ಏರೋನಾಟಿಕಲ್ ಎಂಜಿನಿಯರ್, ಸೈನಿಕರಲ್ಲ. 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರದ ನಿರ್ದೇಶಕರಾಗಿ 1989ರಲ್ಲಿ ಬಂದ ಎಂ. ವಿದ್ಯಾಸಾಗರ್ ಅದಕ್ಕೂ ಮುಂಚೆ ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಿದ್ದವರು.

ಡಿಆರ್‌ಡಿಒದಲ್ಲಿ ಮೊದಲ ಮೆಟ್ಟಿಲು ಸೈಂಟಿಸ್ಟ್ ‘ಬಿ’ ಹುದ್ದೆ. ಅದನ್ನು ತುಂಬುವುದು ಆರ್‌ಎಸಿ ಎಂಬ ನೇಮಕಾತಿ ಕೇಂದ್ರ, ಸಾಮಾನ್ಯವಾಗಿ ಗೇಟ್ ಪರೀಕ್ಷೆಯ ಅಂಕ ಮತ್ತು ಸಂದರ್ಶನದ ಮೂಲಕ. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಓದಿದವರ ಜೊತೆಗೆ ಗಣಿತದ ಸ್ನಾತಕೋತ್ತರ ಪದವೀಧರರನ್ನೂ ಕರೆಯುವುದುಂಟು. ಪ್ರಕಟಣೆ ಬರುವುದು ಅಧಿಕೃತ ಜಾಲತಾಣದಲ್ಲಿ, ಅರ್ಜಿ ಹಾಕುವುದೂ ಅಲ್ಲೇ. ‘ಡಿಆರ್‌ಡಿಒದಲ್ಲಿ ನೇರ ನೇಮಕಾತಿ, ಇಂದೇ ಕೊನೆಯ ದಿನ’ ಎಂದು ಯಾರದೋ ಮೊಬೈಲ್ ನಂಬರಿಗೆ ಹಣ ಹಾಕಲು ಹೇಳುವ ಮೆಸೇಜ್ ಬಂದರೆ ಹಣ ಹಾಕಬೇಡಿ, ಮುಂದಕ್ಕೂ ಕಳಿಸಬೇಡಿ.