ಕೋರ್ಟಿನ ಆಜ್ಞೆ ಇಬ್ಬರಿಗೂ ಒಂದೇ

ನಮ್ಮ ಹೋಟೆಲ್ ಬಂಧುಗಳಿಗೆ ಕೋರ್ಟು ಹೊಸತಲ್ಲ. ಜಾಗದ ಮಾಲೀಕರ ತಕರಾರು, ಮುನಿಸಿಪಾಲಿಟಿಯ ನೋಟೀಸು, ಪಾಲುದಾರರ ಜಗಳ ಎಂದು ಕೋರ್ಟಿನ ಮೆಟ್ಟಿಲು ಹತ್ತದವರು ನಮ್ಮಲ್ಲಿ ಕಡಿಮೆ. ಸ್ಟೇ ಸಿಕ್ಕಿದ ದಿನ ಕೇಸು ಗೆದ್ದಷ್ಟೇ ಸಂತೋಷಪಡುತ್ತೇವೆ. ಆದರೆ ಆ ಆಜ್ಞೆ ಮೀರಿದರೆ ಏನಾಗುತ್ತದೆ ಎಂದು ವಿಚಾರಿಸುವವರು ಕೆಲವರೇ. ನಾನು ವಕೀಲನಲ್ಲ, ಹತ್ತನೇ ಕ್ಲಾಸು ಓದಿ ಗಲ್ಲಾದಲ್ಲಿ ಕುಳಿತವನು. ನಮ್ಮ ವ್ಯವಹಾರಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ.

ನ್ಯಾಯಾಂಗ ನಿಂದನೆ ಎಂದರೆ ನ್ಯಾಯಾಧೀಶರನ್ನು ಬೈಯುವುದು ಮಾತ್ರವಲ್ಲ. 1971ರ ಕಾಯ್ದೆಯ ಪ್ರಕಾರ ಕೋರ್ಟಿನ ಆಜ್ಞೆಯನ್ನು ಬೇಕೆಂದೇ ಮೀರುವುದೂ, ಕೋರ್ಟಿಗೆ ಬರೆದುಕೊಟ್ಟ ಮುಚ್ಚಳಿಕೆಗೆ ತಪ್ಪುವುದೂ ನಿಂದನೆಯೇ. ಶಿಕ್ಷೆ 6 ತಿಂಗಳವರೆಗೆ ಸಾದಾ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಿವಿಲ್ ಕೋರ್ಟಿನ ತಡೆಯಾಜ್ಞೆ ಮೀರಿದರೆ ಆಸ್ತಿ ಜಪ್ತಿ ಮಾಡುವ, 3 ತಿಂಗಳವರೆಗೆ ಸಿವಿಲ್ ಜೈಲಿನಲ್ಲಿಡುವ ಅಧಿಕಾರ ಆ ಕೋರ್ಟಿಗೇ ಇದೆ.

ಇದೆಲ್ಲ ಪುಸ್ತಕದಲ್ಲಿ ಮಾತ್ರ ಎನ್ನಬೇಡಿ. 1995ರಲ್ಲಿ ಕರ್ನಾಟಕದ ಐಎಎಸ್ ಅಧಿಕಾರಿ ಜೆ. ವಾಸುದೇವನ್ ಅವರಿಗೆ ಸುಪ್ರೀಂ ಕೋರ್ಟು ಒಂದು ತಿಂಗಳ ಸಜೆ ವಿಧಿಸಿತು. 2006ರಲ್ಲಿ ಸಾ ಮಿಲ್ಲುಗಳ ಬಗ್ಗೆ ಕೊಟ್ಟ ಆಜ್ಞೆ ಮೀರಿದ್ದಕ್ಕೆ ಮಹಾರಾಷ್ಟ್ರದ ಮಂತ್ರಿ ಸ್ವರೂಪಸಿಂಗ್ ನಾಯಕ್ ಅವರಿಗೂ ಅಷ್ಟೇ ಶಿಕ್ಷೆಯಾಯಿತು. ಆಜ್ಞೆ ಮೀರಿ ಮಕ್ಕಳಿಗೆ ಹಣ ವರ್ಗಾಯಿಸಿದ ವಿಜಯ್ ಮಲ್ಯ ಅವರಿಗೆ 2022ರಲ್ಲಿ 4 ತಿಂಗಳ ಸಜೆ, 2,000 ರೂಪಾಯಿ ದಂಡ ಬಿತ್ತು.

ಈ ಅಧಿಕಾರ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಸ್ಟೇ ಇದ್ದರೂ ಬೆಳಗಿನ ಜಾವ ಜೆಸಿಬಿ ತಂದು ಅಡುಗೆಮನೆ ಒಡೆದರೆ ಬಡ ಹೋಟೆಲಿನವನಿಗೆ ಬೇರೆ ಯಾರಿದ್ದಾರೆ? ಶಿಕ್ಷೆಯ ಭಯವಿಲ್ಲದಿದ್ದರೆ ಸ್ಟೇ ಕಾಗದಕ್ಕೆ ಬಿಲ್ಲು ಬರೆಯುವ ಚೀಟಿಯಷ್ಟೂ ಬೆಲೆಯಿಲ್ಲ.

ಆದರೆ ಅದೇ ಕಾನೂನು ನಮಗೂ ಇದೆ. ಯಥಾಸ್ಥಿತಿ ಕಾಪಾಡಿ ಎಂಬ ಆಜ್ಞೆ ತಂದು ರಾತ್ರೋರಾತ್ರಿ ಮುಂದೆ ಶೀಟು ಹಾಕಿದರೆ, ಆರು ತಿಂಗಳಲ್ಲಿ ಜಾಗ ಬಿಡುತ್ತೇವೆಂದು ಬರೆದುಕೊಟ್ಟು ಏಳನೇ ತಿಂಗಳಲ್ಲೂ ಇಡ್ಲಿ ಬೇಯಿಸುತ್ತಿದ್ದರೆ, ಕಟಕಟೆಯಲ್ಲಿ ನಿಲ್ಲುವವರು ನಾವೇ. ದಂಡ ಎರಡು ಸಾವಿರ ತಾನೇ, ಒಂದು ದಿನದ ವ್ಯಾಪಾರ ಎಂದು ನಗುವವರಿದ್ದಾರೆ. ಆರು ತಿಂಗಳು ಹೋಟೆಲು ಬಿಟ್ಟು ಒಳಗೆ ಕೂರಲು ಅವರು ತಯಾರಿದ್ದಾರೆಯೇ?

ಆದ್ದರಿಂದ ಮೂರು ಮಾತು. ಬೇಕೆಂದೇ ಮೀರಿದರೆಂದು ತೋರಿಸಲು ಎದುರಿನವರಿಗೆ ಆಜ್ಞೆ ಗೊತ್ತಿತ್ತೆಂಬುದು ಸಾಬೀತಾಗಬೇಕು. ಹಾಗಾಗಿ ಆಜ್ಞೆಯ ದೃಢೀಕೃತ ಪ್ರತಿಯನ್ನು ಅಂದೇ ವಾರ್ಡ್ ಆಫೀಸಿಗೆ ಕೊಟ್ಟು ಸಿಕ್ಕಾ ಹಾಕಿಸಿಕೊಳ್ಳಿ, ಒಂದು ಪ್ರತಿ ಗಲ್ಲಾದಲ್ಲಿರಲಿ. ಎರಡನೆಯದು, ಸ್ಟೇ ಮುಂದಿನ ತಾರೀಕಿನವರೆಗೆ ಮಾತ್ರವೇ, ಮುಂದುವರಿದಿದೆಯೇ ಎಂದು ಪ್ರತಿ ಸಲ ವಕೀಲರನ್ನು ಕೇಳಿ. ಮೂರನೆಯದು, ನಿಂದನೆ ನಡೆದರೆ ನೋಡೋಣ ಎಂದು ಕೂರಬೇಡಿ, ಕಾಯ್ದೆಯಲ್ಲಿ ಒಂದು ವರ್ಷದ ಅವಧಿ ಮಾತ್ರ ಇದೆ.

ಮುಚ್ಚಳಿಕೆಗೆ ಸಹಿ ಹಾಕುವ ಮೊದಲು, ನಡೆಸಿಕೊಡಲು ಸಾಧ್ಯವೇ ಎಂದು ಮನೆಯವರ, ಪಾಲುದಾರರ ಜತೆ ಕುಳಿತು ಲೆಕ್ಕ ಹಾಕಿ. ಒಬ್ಬೊಬ್ಬರೇ ಓಡಾಡುವ ಬದಲು ಇಂತಹ ಸದಸ್ಯರಿಗಾಗಿ ನಮ್ಮ ಸಂಘವೇ ಒಬ್ಬ ವಕೀಲರನ್ನು ಗೊತ್ತುಪಡಿಸಿದರೆ ಒಳ್ಳೆಯದು. ಮುಂದಿನ ಸಭೆಯಲ್ಲಿ ಪದಾಧಿಕಾರಿಗಳು ಈ ವಿಷಯ ಎತ್ತಿಕೊಳ್ಳಬೇಕೆಂದು ವಿನಂತಿ.