ಪರದೇಶದ ಕಾಳಗಕ್ಕೆ ಬಡವರ ಮಕ್ಕಳು

ರಷ್ಯದ ಸೇನೆಗೆ ಸೇರಿ ಉಕ್ರೇನಿನ ರಣರಂಗದಲ್ಲಿ ಮಡಿದ ಭಾರತೀಯರು 12 ಮಂದಿ ಎಂದು ನಮ್ಮ ವಿದೇಶಾಂಗ ಖಾತೆ 2025ರ ಜನವರಿ 17ರಂದು ಒಪ್ಪಿಕೊಂಡಿತು. ಅಂದಿನವರೆಗೆ ಖಾತೆಗೆ ತಿಳಿದುಬಂದಿದ್ದ ಪ್ರಕರಣಗಳು 126. ಹಿಂತಿರುಗಿದ್ದವರು 96, ಹದಿನಾರು ಜನರ ಸುಳಿವೇ ಇರಲಿಲ್ಲ. ಭಾರತ ಈ ಯುದ್ಧದಲ್ಲಿ ಯಾವ ಪಕ್ಷವನ್ನೂ ಸೇರಿ ಕತ್ತಿ ಹಿರಿದಿಲ್ಲ. ಹಾಗಿದ್ದೂ ನಮ್ಮ ಹುಡುಗರು ಅಲ್ಲಿ ಕಾಲಾಳುಗಳಾಗಿ ಸತ್ತದ್ದು ಹೇಗೆ?

ಸತ್ತವರಲ್ಲಿ ಹೈದರಾಬಾದಿನವನೊಬ್ಬನಿದ್ದ, ಹೆಂಡತಿ ಮಕ್ಕಳುಳ್ಳವನು. ಅವನ ಸಾವಿನ ಸುದ್ದಿ ಬಂದದ್ದು 2024ರ ಮಾರ್ಚಿಯಲ್ಲಿ. ಅದಕ್ಕೂ ಮುನ್ನ ಫೆಬ್ರವರಿಯಲ್ಲಿ ಗುಜರಾತಿನ ತರುಣನೊಬ್ಬ ಡ್ರೋನ್ ದಾಳಿಗೆ ಬಲಿಯಾಗಿದ್ದ. ನಮ್ಮ ಕಲಬುರಗಿ ಜಿಲ್ಲೆಯ ಮೂವರು ಇದೇ ಬಲೆಗೆ ಬಿದ್ದು, ಅದೃಷ್ಟವಶಾತ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೀವಸಹಿತ ಊರು ಸೇರಿದರು. ಯುದ್ಧಕ್ಕೆಂದು ಹೇಳಿ ಇವರನ್ನು ಯಾರೂ ಕರೆದೊಯ್ಯಲಿಲ್ಲ. ಸಹಾಯಕನ ಕೆಲಸ, ಕಾವಲಿನ ಕೆಲಸ, ಕೈತುಂಬ ಸಂಬಳ ಎಂದು ಯೂಟ್ಯೂಬಿನಲ್ಲಿ ಆಸೆ ತೋರಿಸಿದ ದಲ್ಲಾಳಿಗಳು ಲಕ್ಷಗಟ್ಟಲೆ ಹಣ ಕಿತ್ತರು. ಓದಲು ಬಾರದ ರಷ್ಯನ್ ಭಾಷೆಯ ಕರಾರಿಗೆ ರುಜು ಹಾಕಿಸಿದರು. ಕೆಲವೇ ದಿನಗಳ ಕವಾಯತಾದ ಮೇಲೆ ಕಂದಕಕ್ಕೆ ಇಳಿಸಿದರು. ಸಾಲ ಮಾಡಿ ತನ್ನ ಸಾವನ್ನು ತಾನೇ ಕೊಂಡುಕೊಂಡ ಸಿಪಾಯಿ ಇವನು!

ಕೇಂದ್ರ ತನಿಖಾ ದಳ 2024ರ ಮಾರ್ಚಿಯಲ್ಲಿ ಮೊಕದ್ದಮೆ ಹೂಡಿತು. ಸಂತೋಷ. ಆದರೆ ತೂತು ಕಾನೂನಿನಲ್ಲೇ ಇತ್ತು. ಈ ಯುವಕರು ಹೊರಟಾಗ ಜಾರಿಯಲ್ಲಿದ್ದ 1983ರ ವಲಸೆ ಕಾಯಿದೆಯಂತೆ, ಹೆಚ್ಚು ಓದಿಲ್ಲದ ಕೂಲಿಕಾರನು ಸರಕಾರದ ಅನುಮತಿ ಪಡೆದೇ ಹೋಗಬೇಕಾದ ದೇಶಗಳು 18 ಮಾತ್ರ. ಬಹುಪಾಲು ಅರಬರ ನಾಡುಗಳು. ಆ ಪಟ್ಟಿಯಲ್ಲಿ ರಷ್ಯ ಇರಲಿಲ್ಲ. ಪ್ರವಾಸಿಯ ವೀಸಾ ಹಿಡಿದು ವಿಮಾನ ಹತ್ತಿದವನನ್ನು ಕೇಳುವವರೂ ಇರಲಿಲ್ಲ.

ಇದು ನಮ್ಮ ಸೀಮೆಗೆ ಹೊಸದೇನಲ್ಲ. ಮೈಸೂರು ಸಂಸ್ಥಾನದ ಒಂದನೆಯ ಪದಾತಿ ದಳವನ್ನು ಬ್ರಿಟಿಷರ ಯುದ್ಧಕ್ಕಾಗಿ ಸಿಂಗಪುರಕ್ಕೆ ಸಾಗಿಸಿದ್ದರು. 1942ರ ಫೆಬ್ರವರಿ 15ರಂದು ಜನರಲ್ ಪರ್ಸಿವಲ್ ಶರಣಾದಾಗ ಸಾವಿರಾರು ಭಾರತೀಯ ಸಿಪಾಯಿಗಳು ಜಪಾನಿಯರ ಸೆರೆಯಾಳುಗಳಾದರು. ಕೆಲವರು ಆಜಾದ್ ಹಿಂದ್ ಫೌಜನ್ನು ಸೇರಿದರು. ಒಲ್ಲದ ಎಷ್ಟೋ ಮಂದಿಯನ್ನು ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಕೂಲಿಗಳಾಗಿ ಒಯ್ದರು. ಗೋರಿಯೂ ದೊರೆಯದ 24,000ಕ್ಕೂ ಮೀರಿದ ಯೋಧರ ಹೆಸರು ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲಿದೆ. ದೊರೆಗಳಿಗೆ ಅದರಿಂದ ಬಿರುದು ಬಾವಲಿ ಬಂದಿರಬಹುದು. ರೈತನ ಮನೆಗೆ ಬಂದದ್ದು ಒಂದು ಕಾಗದ.

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯನ್ನು 12ನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದವರು ಕುಲ್ಲಹಣ ರಾಹುತನೆಂಬ ವರ್ತಕ, ಅವನ ಮಡದಿ ಸಹಜಾದೇವಿ. ರಾಹುತನೆಂದರೆ ಕುದುರೆ ಸವಾರ; ವರ್ತಕನಿಗೂ ಆ ಹೆಸರು ಗೌರವದ್ದಾಗಿದ್ದ ಕಾಲ. ಆ ಕಾಲದ ವೀರಗಲ್ಲುಗಳು ನಮ್ಮ ಜಿಲ್ಲೆಯ ಊರೂರಿನಲ್ಲಿವೆ. ತುರು ಕಾಯಲು ಬಿದ್ದವನು, ಊರಳಿವಿನಲ್ಲಿ ಕಾದಿ ಸತ್ತವನು ಎಂದು ಕಲ್ಲು ಹೇಳುತ್ತದೆ. ಆ ಕಾಳಗಗಳಲ್ಲಿಯೂ ಒಡೆಯರ ದುರಾಸೆಗೆ ಸತ್ತ ಆಳುಗಳು ಕಡಿಮೆಯಿಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಸತ್ತವನಿಗೆ ಯಾವುದಕ್ಕಾಗಿ ಸಾಯುತ್ತಿದ್ದೇನೆಂಬುದು ಗೊತ್ತಿತ್ತು. ದಲ್ಲಾಳಿ ಮಾರಿದ ಈ ಹುಡುಗನ ಕಲ್ಲಿನ ಮೇಲೆ ಏನೆಂದು ಕೊರೆಸೋಣ?

ಇಲ್ಲಿಯ ತರುಣರೂ ಹಳ್ಳಿಯಲ್ಲಿ ನಿಲ್ಲುತ್ತಿಲ್ಲ. ಅಂಗಮಾರಿ ಆಲೂಗಡ್ಡೆಯನ್ನು ತಿಂದಿತು. ಉಳಿದದ್ದನ್ನು ಮಂಡಿಯ ಬೆಲೆ ತಿಂದಿತು. ಹೊರಟವರನ್ನು ತಡೆಯಿರೆಂದು ನಾವು ಹೇಳುವುದಿಲ್ಲ. ದುಡಿಯುವವನಿಗೆ ಎಲ್ಲಿಗಾದರೂ ಹೋಗುವ ಹಕ್ಕಿದೆ. ಆದರೆ ನೋಂದಾಯಿತ ದಲ್ಲಾಳಿಗಳ ಹೆಸರನ್ನು ಪ್ರತಿಯೊಂದು ಗ್ರಾಮ ಪಂಚಾಯಿತಿಯ ಬಾಗಿಲಿಗೆ ಅಂಟಿಸಲಿ. ಯುದ್ಧ ನಡೆದಿರುವ ದೇಶಕ್ಕೆ ಕೆಲಸಕ್ಕೆ ಹೋಗುವವನ ಕರಾರನ್ನು ಕನ್ನಡದಲ್ಲಿ ಓದಿ ಹೇಳಿಸಿದ ಮೇಲೆಯೇ ಕಳುಹಿಸುವಂತಾಗಲಿ. ಸುಳಿವಿಲ್ಲದವರ ಮನೆಗೆ ಸರಕಾರ ತಿಂಗಳಿಗೊಮ್ಮೆ ಲಿಖಿತ ವರದಿ ಕೊಡಲಿ. ಹಾಸನದ ಶಾಸಕರು ಇದನ್ನು ವಿಧಾನಸಭೆಯಲ್ಲಿ ಎತ್ತುವರೇ? ಅವರ ಉತ್ತರಕ್ಕಾಗಿ ನಮ್ಮ ಪತ್ರಿಕೆಯಲ್ಲಿ ಸ್ಥಳವನ್ನು ಕಾದಿರಿಸಿದ್ದೇವೆ.