ಕಾವಲುಗಾರನಿಗೆ ಕಣ್ಣೆಷ್ಟು, ಕೈಯೆಷ್ಟು?

ನಮ್ಮ ಕೆರೆಗಳ ಊರುಗಳಲ್ಲಿ ನೀರುಗಂಟಿ ಎಂಬೊಬ್ಬ ಇರುತ್ತಿದ್ದ. ಕೆರೆಯಲ್ಲಿ ನೀರೆಷ್ಟಿದೆ, ಏರಿ ಎಲ್ಲಿ ಜಿನುಗುತ್ತಿದೆ, ಯಾವ ಗದ್ದೆ ಒಣಗಿದೆ ಎಂಬುದೆಲ್ಲ ಅವನ ಕಣ್ಣಳತೆಯಲ್ಲಿರುತ್ತಿತ್ತು. ತೂಬು ಎತ್ತುವ ಕೈಯೂ ಅವನದೇ. ಆದರೆ ಯಾರಿಗೆ ಎಷ್ಟು ನೀರು ಎಂಬ ತೀರ್ಮಾನ ಊರಿನದು. ನೋಡುವ ಕೆಲಸಕ್ಕೂ ಮಾಡುವ ಅಧಿಕಾರಕ್ಕೂ ನಡುವೆ ಒಂದು ಗೆರೆ ಇರಬೇಕೆಂಬ ತಿಳಿವಳಿಕೆ ಆ ವ್ಯವಸ್ಥೆಯಲ್ಲಿತ್ತು.

ಇಂದು ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ವರದಿ, ರೈಲಿನ ಟಿಕೆಟ್ಟು ಎಲ್ಲವೂ ಸರ್ವರುಗಳಲ್ಲಿ ಕುಳಿತಿವೆ. ಆ ಸರ್ವರುಗಳಿಗೂ ಇಂಥದೊಂದು ಕಾವಲಿದೆ. ಮಾನಿಟರಿಂಗ್ ಏಜೆಂಟ್ ಎಂಬ ಈ ಸಣ್ಣ ಪ್ರೋಗ್ರಾಂ ಸದ್ದಿಲ್ಲದೆ ಓಡುತ್ತ, ಡಿಸ್ಕ್ ಎಷ್ಟು ತುಂಬಿದೆ, ಮೆಮೊರಿ ಎಷ್ಟು ಉಳಿದಿದೆ, ಯಾವ ಸೇವೆ ನಿಂತಿದೆ ಎಂದು ಆಗಾಗ ನೋಡಿ ಹೇಳುತ್ತದೆ. ಇಂಥ ಬಹುಪಾಲು ಏಜೆಂಟುಗಳನ್ನು ಬೇಕಾದಂತೆ ಬೆಳೆಸಲೂಬಹುದು. ಪ್ಲಗಿನ್ ಸೇರಿಸಿದರೆ, ಸ್ಕ್ರಿಪ್ಟ್ ಬರೆದು ಜೋಡಿಸಿದರೆ, ತಯಾರಕರು ಊಹಿಸದ ಕೆಲಸವನ್ನೂ ಅವು ಮಾಡುತ್ತವೆ. ಈ ಬೆಳವಣಿಗೆಗೆ ಮಿತಿ ಎಲ್ಲಿ? ಕಣ್ಣನ್ನು ಎಷ್ಟು ಬೇಕಾದರೂ ಬೆಳೆಸೋಣ, ಕೈಯನ್ನು ಮಾತ್ರ ಅಳೆದು ಕೊಡೋಣ ಎಂಬುದು ನನ್ನ ವಾದ.

ಬೆಳೆಸುವ ಅವಕಾಶವೇ ಬೇಡ ಎನ್ನುವವರಿದ್ದಾರೆ. ಅವರು ಒಂದನ್ನು ಮರೆಯುತ್ತಾರೆ. ಡಿಸ್ಕು, ಮೆಮೊರಿ, ಪ್ರೊಸೆಸರು ಎಲ್ಲ ಯಂತ್ರಗಳಿಗೂ ಒಂದೇ. ಆದರೆ ಯಾವುದು ಕೆಟ್ಟರೆ ಅನಾಹುತ ಎಂಬುದು ಪ್ರತಿ ಯಂತ್ರಕ್ಕೂ ಬೇರೆ. ಲ್ಯಾಬಿನ ವರದಿಗಳು ವೈದ್ಯರ ಪರದೆಗೆ ಹೋಗದೆ ಸಾಲುಗಟ್ಟಿ ನಿಂತಿದ್ದರೂ ಪ್ರೊಸೆಸರು ಆರಾಮವಾಗಿರಬಹುದು. ನಿನ್ನೆ ರಾತ್ರಿಯ ಬ್ಯಾಕಪ್ ಫೈಲು ಹುಟ್ಟಿಯೇ ಇಲ್ಲದಿದ್ದರೂ ಡಿಸ್ಕಿನಲ್ಲಿ ಧಾರಾಳ ಜಾಗವಿರಬಹುದು. ಏನನ್ನು ನೋಡಬೇಕೆಂದು ಬಲ್ಲವರು ಆ ಜಾಗದಲ್ಲಿ ಕೆಲಸ ಮಾಡುವವರೇ ಹೊರತು ದೂರದ ತಯಾರಕರಲ್ಲ.

ಈ ಕ್ಷೇತ್ರದ ಇತಿಹಾಸವೂ ಇದನ್ನೇ ಹೇಳುತ್ತದೆ. 1988ರಲ್ಲಿ ಬಂದ ಎಸ್‌ಎನ್‌ಎಂಪಿ ಜಾಲದ ಉಪಕರಣಗಳನ್ನು ದೂರದಿಂದ ವಿಚಾರಿಸುವ ಒಂದು ಸಮಾನ ಭಾಷೆ ಕೊಟ್ಟಿತು. ಹತ್ತು ವರ್ಷಗಳ ಒಳಗೆ ಆ ಭಾಷೆಯಲ್ಲಿ ಉತ್ತರಿಸುವ ಏಜೆಂಟಿಗೆ ಹೊಸ ಭಾಗಗಳನ್ನು ಜೋಡಿಸಲೆಂದೇ ಏಜೆಂಟ್‌ಎಕ್ಸ್ ಎಂಬ ಪ್ರತ್ಯೇಕ ನಿಯಮಾವಳಿ ಬೇಕಾಯಿತು. 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಹೊರಬಂದು ಆಮೇಲೆ ನ್ಯಾಗಿಯೋಸ್ ಆದ ತಂತ್ರಾಂಶ ಇನ್ನೂ ಸರಳ ದಾರಿ ಹಿಡಿಯಿತು. ಪ್ಲಗಿನ್ ಯಾವ ಭಾಷೆಯಲ್ಲಾದರೂ ಇರಲಿ, ಮುಗಿಯುವಾಗ ನಾಲ್ಕು ಅಂಕಿಗಳಲ್ಲಿ ಒಂದನ್ನು ಹೇಳಿದರೆ ಸಾಕು. 0 ಎಂದರೆ ಸರಿಯಿದೆ, 1 ಎಂದರೆ ಎಚ್ಚರ, 2 ಎಂದರೆ ಅಪಾಯ, 3 ಎಂದರೆ ಗೊತ್ತಿಲ್ಲ.

ಈ ನಾಲ್ಕರಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು 3. ಸುದ್ದಿ ಬರಲಿಲ್ಲವೆಂದರೆ ಎಲ್ಲ ಕ್ಷೇಮ ಎಂದು ನಂಬುವುದು ನಮ್ಮೆಲ್ಲರ ಅಭ್ಯಾಸ. ನಿದ್ದೆ ಹೋದ ಕಾವಲುಗಾರನಿಂದಲೂ ಸುದ್ದಿ ಬರುವುದಿಲ್ಲ. ನೋಡಲಾಗಲಿಲ್ಲ ಎಂಬುದನ್ನು ಸರಿಯಿದೆ ಎಂಬುದರೊಳಗೆ ಅಡಗಿಸದೆ, ಅದಕ್ಕೊಂದು ಅಂಕಿ ಕೊಟ್ಟು ಬೇರೆಯಾಗಿ ಹೇಳಿಸುವುದು ಪ್ರಾಮಾಣಿಕತೆ. ಕಣ್ಣು ಬೆಳೆಯಬೇಕು ಎಂದಾಗ ನಾನು ಹೇಳುವುದು ಇಂಥ ಪ್ರಾಮಾಣಿಕ ಕಣ್ಣಿನ ಮಾತು.

ಇನ್ನು ಕೈಯ ವಿಚಾರ. ಎಲ್ಲವನ್ನೂ ನೋಡಬೇಕೆಂಬ ಕಾರಣಕ್ಕೆ ಏಜೆಂಟುಗಳನ್ನು ಎಷ್ಟೋ ಕಡೆ ಯಂತ್ರದ ಅತ್ಯುನ್ನತ ಅಧಿಕಾರದಲ್ಲಿ, ಅಂದರೆ ಲಿನಕ್ಸಿನಲ್ಲಿ ರೂಟ್ ಆಗಿ, ವಿಂಡೋಸಿನಲ್ಲಿ ಸಿಸ್ಟಮ್ ಖಾತೆಯಲ್ಲಿ ಓಡಿಸುತ್ತಾರೆ. ಆಗ ಅದಕ್ಕೆ ಜೋಡಿಸಿದ ಪ್ರತಿ ಸ್ಕ್ರಿಪ್ಟಿಗೂ ಅದೇ ಅಧಿಕಾರ ಸಿಗುವ ಸಂಭವವಿದೆ. ಅವಸರದಲ್ಲಿ ಬರೆದ ಹತ್ತು ಸಾಲು ಇಡೀ ಸರ್ವರಿನ ಬೀಗದ ಕೈಯಾಗುತ್ತದೆ. ನ್ಯಾಗಿಯೋಸ್ ಜೊತೆ ಬಳಸುವ ಎನ್‌ಆರ್‌ಪಿಇ ಏಜೆಂಟಿನಲ್ಲಿ ಹೊರಗಿನಿಂದ ಆಜ್ಞೆಗೆ ಬೇಕಾದ ಮಾತು ಸೇರಿಸಿ ಕಳಿಸುವ ಅವಕಾಶವೊಂದಿದೆ. ಅದು ಸಹಜವಾಗಿ ಮುಚ್ಚಿರುತ್ತದೆ. ಅದನ್ನು ತೆರೆಯುವ ಸಾಲಿಗೆ ಬರೆದವರು ಇಟ್ಟ ಹೆಸರೇ ‘ಡೋಂಟ್ ಬ್ಲೇಮ್ ಎನ್‌ಆರ್‌ಪಿಇ’. ತೆರೆದವರು ಆಮೇಲೆ ನಮ್ಮನ್ನು ದೂರಬೇಡಿ ಎಂಬ ಎಚ್ಚರಿಕೆಯನ್ನು ಹೆಸರಿನಲ್ಲೇ ಕೆತ್ತಿದ್ದಾರೆ.

ಹಾಗಾದರೆ ನಾವು ಏನನ್ನೂ ಜೋಡಿಸದೆ, ಹೆಸರಾಂತ ಕಂಪನಿ ಕೊಟ್ಟದ್ದನ್ನು ಹಾಗೇ ಇಟ್ಟುಕೊಂಡರೆ ಕ್ಷೇಮವೇ? ಈಚಿನ ಎರಡು ಘಟನೆಗಳು ಇಲ್ಲವೆನ್ನುತ್ತವೆ. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ದಾಳಿಕೋರರು ಒರಾಯನ್ ಎಂಬ ನಿಗಾ ತಂತ್ರಾಂಶದ ಅಪ್‌ಡೇಟಿನೊಳಗೇ ಸೇರಿಕೊಂಡಿದ್ದರು. ಕಂಪನಿಯ ಡಿಜಿಟಲ್ ಸಹಿ ಹೊತ್ತೇ ಬಂದ ಆ ಅಪ್‌ಡೇಟು ಸುಮಾರು 18,000 ಗ್ರಾಹಕರವರೆಗೆ ತಲುಪಿತು. ಅವರ ಪೈಕಿ ಅಮೆರಿಕದ ಸರ್ಕಾರಿ ಇಲಾಖೆಗಳೂ ಇದ್ದವು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಎರಡನೆಯದರಲ್ಲಿ ಕಳ್ಳರೇ ಇರಲಿಲ್ಲ. 2024ರ ಜುಲೈ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9:39ಕ್ಕೆ, ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಭದ್ರತಾ ಏಜೆಂಟಿಗೆ ಒಂದು ಸಣ್ಣ ಫೈಲು ಕಳಿಸಿತು. ಪ್ರೋಗ್ರಾಮಿನ ಒಂದು ಭಾಗ 21 ಮಾಹಿತಿಗಳನ್ನು ನಿರೀಕ್ಷಿಸಿತು, ಇನ್ನೊಂದು ಭಾಗ 20 ಮಾತ್ರ ಒದಗಿಸಿತು. ಆ ಏಜೆಂಟು ಓಡುತ್ತಿದ್ದದ್ದು ವಿಂಡೋಸಿನ ಗರ್ಭಗುಡಿಯಲ್ಲಿ, ಕರ್ನೆಲ್ಲಿನೊಳಗೆ. ಅದು ಎಡವಿದ ಕೂಡಲೇ ಯಂತ್ರವೂ ಬಿತ್ತು. 78 ನಿಮಿಷಗಳಲ್ಲಿ ಫೈಲನ್ನು ಹಿಂಪಡೆದರೂ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರುಗಳು ಆ ಹೊತ್ತಿಗೆ ನೆಲಕಚ್ಚಿದ್ದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು. ಅಪ್‌ಡೇಟನ್ನು ಹಂತಹಂತವಾಗಿ ಬಿಡುವ ಮಾತನ್ನು ಕಂಪನಿ ಆಮೇಲೆ ಕೊಟ್ಟಿತು.

ಹೀಗಾಗಿ ಏಜೆಂಟು ನಾವು ಬೆಳೆಸಿದ್ದೋ ಕಂಪನಿ ಕೊಟ್ಟದ್ದೋ ಎಂಬುದು ನಿರ್ಣಾಯಕವಲ್ಲ. ಅದು ಎಡವಿದರೆ ತನ್ನೊಡನೆ ಎಷ್ಟನ್ನು ಕೆಡವುತ್ತದೆ ಎಂಬುದೇ ನಿರ್ಣಾಯಕ. ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕಂಡುಕೊಂಡವರೂ ಇದ್ದಾರೆ. 2012ರಲ್ಲಿ ಸೌಂಡ್‌ಕ್ಲೌಡ್‌ನಲ್ಲಿ ಶುರುವಾದ ಪ್ರೊಮೀಥಿಯಸ್ ಜೊತೆ ಬಳಸುವ ನೋಡ್ ಎಕ್ಸ್‌ಪೋರ್ಟರ್ ಎಂಬ ಏಜೆಂಟನ್ನೇ ನೋಡಿ. ಹೊಸದೊಂದು ಸಂಗತಿ ತಿಳಿಯಬೇಕಿದ್ದರೆ ನಮ್ಮ ಸ್ಕ್ರಿಪ್ಟನ್ನು ಅದು ಓಡಿಸಬೇಕಿಲ್ಲ. ಸ್ಕ್ರಿಪ್ಟು ತನಗೆ ಬೇಕಾದಷ್ಟೇ ಅಧಿಕಾರದಲ್ಲಿ ಬೇರೆಯಾಗಿ ಓಡಿ, ಉತ್ತರವನ್ನು ಒಂದು ಫೋಲ್ಡರಿನಲ್ಲಿ ಪಠ್ಯದ ಫೈಲಾಗಿ ಬರೆದಿಡುತ್ತದೆ. ಏಜೆಂಟು ಅದನ್ನು ಓದಿ ಹೇಳುತ್ತದೆ, ಅಷ್ಟೇ. ಕಣ್ಣು ಬೆಳೆಯಿತು, ಕೈ ಬೆಳೆಯಲಿಲ್ಲ. ಲಾಟ್ವಿಯಾ ಮೂಲದ ಝ್ಯಾಬಿಕ್ಸ್ ಏಜೆಂಟಿನಲ್ಲೂ ದೂರದಿಂದ ಆಜ್ಞೆ ನಡೆಸುವ ಅವಕಾಶ ಸಹಜವಾಗಿ ಮುಚ್ಚಿಯೇ ಇರುತ್ತದೆ, ಬೇಕಾದವರು ತಿಳಿದು ತೆರೆಯಬೇಕು.

ಕೆಲವೊಮ್ಮೆ ಕೈ ಬೇಕಾಗುವುದೂ ನಿಜ. ನಡುರಾತ್ರಿ ನಿಂತ ಸೇವೆಯನ್ನು ಏಜೆಂಟೇ ಮತ್ತೆ ಎಬ್ಬಿಸಿದರೆ ಯಾರದೋ ನಿದ್ದೆ ಉಳಿಯುತ್ತದೆ. ಬೇಡವೆನ್ನುವುದಿಲ್ಲ. ಆದರೆ ಆ ಆಜ್ಞೆ ಮೊದಲೇ ಹೆಸರಿಟ್ಟು ಬರೆದದ್ದಾಗಿರಲಿ, ಹೊರಗಿನವರು ಅದಕ್ಕೆ ಒಂದಕ್ಷರವನ್ನೂ ಸೇರಿಸದಂತಿರಲಿ, ನಡೆದದ್ದೆಲ್ಲ ದಾಖಲಾಗಲಿ. ತೂಬನ್ನು ಇಷ್ಟೇ ಎತ್ತು ಎಂದು ಊರು ಹೇಳಿದ ಹಾಗೆ.

ಕಣ್ಣಿಗೂ ಒಂದು ಗಡಿ ಉಂಟು, ಅದು ಮನುಷ್ಯ. ಸರ್ವರಿನ ಒಳಗನ್ನು ಎಷ್ಟು ನೋಡಿದರೂ ತಪ್ಪಿಲ್ಲ, ಅದಕ್ಕೆ ಮಾನವಿಲ್ಲ. ಆದರೆ ಇಂಥದೇ ಏಜೆಂಟು ನೌಕರರ ಲ್ಯಾಪ್‌ಟಾಪಿಗೆ ಬಂದಾಗ, ಒಂದೊಂದೇ ಭಾಗ ಸೇರಿ, ಒತ್ತಿದ ಕೀಲಿಗಳನ್ನೂ ತೆರೆದ ಪುಟಗಳನ್ನೂ ಎಣಿಸತೊಡಗಬಹುದು. ಬೆಂಗಳೂರಿನಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಇದು ದೂರದ ಮಾತಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಗಳಿಗಾಗಿ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಕಾನೂನು ಬಿಟ್ಟ ಜಾಗದಲ್ಲಿ ವಿವೇಕ ನಿಲ್ಲಬೇಕು. ಯಂತ್ರದ ಆರೋಗ್ಯ ಕೇಳುವ ಏಜೆಂಟು ಕೂತವರ ಬೆರಳನ್ನು ಎಣಿಸಬೇಕಾಗಿಲ್ಲ.

ಸರ್ವರುಗಳನ್ನು ನೋಡಿಕೊಳ್ಳುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಈ ವಾರ ನಿಮ್ಮ ಏಜೆಂಟಿನ ಕಾನ್ಫಿಗರೇಶನ್ ಫೈಲನ್ನು ತೆರೆದು ಮೊದಲಿಂದ ಕೊನೆಯವರೆಗೆ ಓದಿ. ಅದು ಯಾವ ಖಾತೆಯಲ್ಲಿ ಓಡುತ್ತಿದೆ, ಯಾವ ಸ್ಕ್ರಿಪ್ಟನ್ನು ಯಾರು ಬರೆದರು, ಯಾಕೆ ಬರೆದರು ಎಂದು ವಿಚಾರಿಸಿ. ಯಾರಿಗೂ ಕಾರಣ ಗೊತ್ತಿಲ್ಲದ ಸಾಲು ಸಿಕ್ಕರೆ, ಅದನ್ನು ಮೊದಲು ನಿಲ್ಲಿಸಿ, ಕಾರಣ ಸಿಕ್ಕದಿದ್ದರೆ ಆಮೇಲೆ ಅಳಿಸಿ. ಕಾವಲು ಕೊಡುವವನ ಹೊಣೆ ಕಾವಲುಗಾರನನ್ನು ನೇಮಿಸಿದ ದಿನ ಮುಗಿಯುವುದಿಲ್ಲ.